ಅರವತ್ತರ ಮೇಲೆ ತೂಕ ಇಳಿಸೋದು: ‘ಸಾಕು’ ಅನ್ನೋ ಧೈರ್ಯ ಬರಿಸಿಕೊಳ್ಳುವುದು ಹೇಗೆ?

ಏನು ತಿನ್ನಬೇಕು, ಏನು ಬಿಡಬೇಕು ಅನ್ನೋದು ಅರವತ್ತು ದಾಟಿದವರಿಗೆ ಗೊತ್ತಿಲ್ಲದ್ದೇನಲ್ಲ. ಡಾಕ್ಟರು ಹೇಳಿರುತ್ತಾರೆ, ಮಕ್ಕಳು ದಿನಾ ಹೇಳುತ್ತಾರೆ. ಕೈಕೊಡುವುದು ‘ನನ್ನ ಕೈಲಿ ಆಗುತ್ತೆ’ ಅನ್ನುವ ನಂಬಿಕೆ. ಈ ನಂಬಿಕೆಯ ಬಗ್ಗೆ 1977ರಲ್ಲಿ ಬರೆದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ, ಬುದ್ಧಿಮಾತಿಗಿಂತ ತಾನೇ ಮಾಡಿ ಗೆದ್ದಾಗ ಇದು ಜಾಸ್ತಿ ಬೆಳೆಯುತ್ತದೆ ಎಂದರು. ಹಾಗಾಗಿ ಗೆಲ್ಲುವಂಥದ್ದರಿಂದಲೇ ಶುರು ಮಾಡಿ.

ಮೊದಲು ಒಂದು ಚೀಟಿ ತಗೊಳ್ಳಿ. ನೀವು ಎಡವೋದು ಯಾವಾಗ? ಬೇಜಾರಾದಾಗಲಾ, ಕಣ್ಣೆದುರು ತಿಂಡಿ ಇದ್ದಾಗಲಾ, ಯಾರಾದರೂ ಬಲವಂತ ಮಾಡಿದಾಗಲಾ, ಮೈಕೈ ನೋವಿದ್ದಾಗಲಾ, ಟೀವಿ ಮುಂದೆ ಕೂತಾಗಲಾ? ಒಂದೊಂದರ ಎದುರಿಗೂ ‘ತಡೆದುಕೊಳ್ಳಬಲ್ಲೆ’ ಅನ್ನೋದಕ್ಕೆ ಸೊನ್ನೆಯಿಂದ ಹತ್ತರೊಳಗೆ ಅಂಕ ಕೊಡಿ. ತುಮಕೂರಿನ ನಮ್ಮ ದೊಡ್ಡಮ್ಮನ ಚೀಟಿ ಹೀಗಿತ್ತು: ಟೀವಿ ಮುಂದಿನ ಖಾರಾಬೂಂದಿ 7, ರಾತ್ರಿಯ ಎರಡನೇ ಮುದ್ದೆ 5, ಕ್ಯಾತ್ಸಂದ್ರದ ಎರಡನೇ ತಟ್ಟೆ ಇಡ್ಲಿ 4, ಬೀಗರ ಮನೆ ಒಬ್ಬಟ್ಟು 1.

ಜಾಸ್ತಿ ಅಂಕ ಇರುವುದನ್ನು, ಅಂದರೆ ಸುಲಭವಾಗಿ ಗೆಲ್ಲುವಂಥದ್ದನ್ನು, ಮೊದಲು ಹಿಡಿಯಿರಿ. ದೊಡ್ಡಮ್ಮ ಒಬ್ಬಟ್ಟನ್ನೇ ಬಿಡ್ತೀನಿ ಅಂತ ಹೊರಟಿದ್ದರು, ಅದೂ ಯುಗಾದಿ ಎದುರಿಗಿಟ್ಟುಕೊಂಡು! ಬೇಡ ಅಂದೆ. ಬೂಂದಿ ಡಬ್ಬ ಅಟ್ಟಕ್ಕೆ ಹೋಯಿತು, ಅಷ್ಟೇ. ಎರಡು ವಾರ ಕಳೆದ ಮೇಲೆ ಮುದ್ದೆಯ ಸರದಿ. ಹಿಟ್ಟು ತೊಳಸಿ, ಕೈ ಒದ್ದೆ ಮಾಡಿಕೊಂಡು, ಮೊದಲೇ ಕಿತ್ತಳೆ ಹಣ್ಣಿನಷ್ಟು ಒಂದೇ ಮುದ್ದೆ ಕಟ್ಟಿಟ್ಟರು. ಬಸ್ಸಾರಿನ ಪಲ್ಯ ಎರಡು ಸೌಟು ಜಾಸ್ತಿ. ಮುದ್ದೆಯನ್ನು ಬೈಯುವುದು ನನಗೆ ಇಷ್ಟವಿಲ್ಲ, ತಪ್ಪೇನಿದ್ದರೂ ಅದರ ಗಾತ್ರದ್ದು.

ಬಲವಂತ ಮಾಡುವವರಿಗೆ ಉತ್ತರವನ್ನು ಮನೆಯಲ್ಲೇ ಬಾಯಿಪಾಠ ಮಾಡಿಕೊಳ್ಳಿ. ನಮ್ಮ ಕಡೆ ಸುಮ್ನೆ ‘ಬೇಡ’ ಅಂದರೆ ನಾಚಿಕೆಗೆ ಅಂತಿದ್ದಾರೆ ಅಂದುಕೊಂಡು ಇನ್ನೆರಡು ಹಾಕುತ್ತಾರೆ, ಅಲ್ವಾ? ಎಲೆ ಪೂರ್ತಿ ಖಾಲಿ ಮಾಡಬೇಡಿ. ಬಡಿಸುವವರು ಹತ್ತಿರ ಬಂದಾಗ ಎಲೆಗೆ ಕೈ ಅಡ್ಡ ಹಿಡಿದು, ‘ಒಬ್ಬಟ್ಟು ಭಾಳ ಚೆನ್ನಾಗಿದೆ ಕಣಮ್ಮ, ಒಂದು ಕಟ್ಟಿಕೊಡು, ಮನೇಲಿ ತಿಂತೀನಿ’ ಅನ್ನಿ. ಅವರ ಮನಸ್ಸೂ ನೋಯೋದಿಲ್ಲ. ಕಟ್ಟಿಸಿಕೊಂಡದ್ದನ್ನು ಮೊಮ್ಮಕ್ಕಳು ನೋಡಿಕೊಳ್ಳುತ್ತಾರೆ.

ಎಡವಿದ ದಿನ? ‘ಹೋಗ್ಲಿ ಬಿಡು, ಇವತ್ತು ಹೇಗೂ ಕೆಟ್ಟಿತು’ ಅನ್ನೋ ಮಾತೇ ಒಂದು ಒಬ್ಬಟ್ಟನ್ನು ನಾಲ್ಕು ಮಾಡುವುದು. ಮುಂದಿನ ಊಟಕ್ಕೆ ಮಾಮೂಲಿಗೆ ಬನ್ನಿ. ತೂಕ ವಾರಕ್ಕೊಮ್ಮೆ ನೋಡಿದರೆ ಸಾಕು.

ವಯಸ್ಸಾದವರು ಒಂದೆರಡು ವಿಷಯದಲ್ಲಿ ಹುಷಾರಾಗಿರಬೇಕು. ಉಪವಾಸ ಬಿದ್ದು ಇಳಿಸಿದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ, ಕಾಲಿನ ಬಲ ಹೋಗುತ್ತದೆ. ಕಾಳು, ಬೇಳೆ, ಮೊಸರು, ತಿನ್ನುವವರಾದರೆ ಮೊಟ್ಟೆ, ಇವು ಕಮ್ಮಿಯಾಗಬಾರದು. ಕುರ್ಚಿಯಿಂದ ಕೈ ಊರದೆ ದಿನಾ ಹತ್ತು ಸಲ ಎದ್ದು ಕೂರಿ. ಸಕ್ಕರೆ ಕಾಯಿಲೆಗೆ ಮಾತ್ರೆಯೋ ಇನ್ಸುಲಿನ್ನೋ ತಗೊಳ್ಳುವವರು ಡಾಕ್ಟರಿಗೆ ಹೇಳದೆ ಊಟ ಕಡಿಮೆ ಮಾಡಬೇಡಿ, ಶುಗರ್ ದಿಢೀರನೆ ಇಳಿದುಬಿಡಬಹುದು. ಏನೂ ಮಾಡದೆಯೇ ತೂಕ ಇಳಿಯುತ್ತಿದ್ದರಂತೂ ತಡಮಾಡದೆ ತೋರಿಸಿಕೊಳ್ಳಿ. ಇನ್ನು ಬೇಕಂತಲೇ ಇಳಿಸುವವರು ತುಂಬಾ ಇಳಿಸಬೇಕೆಂದೇನಿಲ್ಲ: 70 ಕಿಲೋ ಇದ್ದವರು ಮೂರೂವರೆ ಕಿಲೋ ಇಳಿಸಿದರೂ, ಅಂದರೆ ನೂರಕ್ಕೆ ಐದು ಪಾಲು, ಬಿಪಿ, ಶುಗರ್‌ನಲ್ಲಿ ಒಳ್ಳೆಯ ವ್ಯತ್ಯಾಸ ಕಾಣಬಹುದು.

ತಿಂಗಳಿಗೊಮ್ಮೆ ಚೀಟಿ ತೆಗೆದು ಅಂಕ ತಿದ್ದಿ. ಒಬ್ಬಟ್ಟಿಗೆ ದೊಡ್ಡಮ್ಮ ಈಗ 3 ಬರೆದುಕೊಂಡಿದ್ದಾರೆ. ತಟ್ಟೆ ಇಡ್ಲಿ ಮಾತ್ರ ಇನ್ನೂ ನಾಲ್ಕರಲ್ಲೇ ನಿಂತಿದೆ.