ಪತ್ರಾಸ್ ಶೆಡ್ಡಿನ ಧಗೆ ಇಳಿಸುವುದು ಹೇಗೆ?

ಏಪ್ರಿಲ್ ಬಂತೆಂದರೆ ರಾಯಚೂರು ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಹಿತ್ತಲಿನ ಪತ್ರಾಸ್ ಶೆಡ್ಡಿನೊಳಗೆ ಅದಕ್ಕಿಂತ ಜಾಸ್ತಿ. ಬಾಗಿಲು ತೆಗೆದರೆ ಮುಖಕ್ಕೆ ಧಗೆ ರಾಚುತ್ತದೆ. ರಬ್ಬರ್ ಪೈಪು ಬಿರುಕು ಬಿಡುತ್ತದೆ, ಬಿತ್ತನೆ ಬೀಜದ ಮೊಳಕೆ ಶಕ್ತಿ ಕುಗ್ಗುತ್ತದೆ. ಆಗ ಬಹಳ ಜನ ಅಂಗಡಿಗೆ ಹೋಗಿ ಫ್ಯಾನ್ ತರುತ್ತಾರೆ. ಅದು ಒಳಗಿನ ಬಿಸಿ ಗಾಳಿಯನ್ನೇ ಸುಮ್ನೆ ತಿರುಗಿಸುತ್ತದೆ, ಅಷ್ಟೇ. ನಿಜಕ್ಕೂ ಬೇಕಾಗಿರುವುದು ಎರಡು ಕಿಂಡಿ. ಗಾಳಿ ಬರಲು ಕೆಳಗೊಂದು, ಹೋಗಲು ಮೇಲೊಂದು.

ಮೊದಲು ಜಾಗ ನೋಡಿಕೊಳ್ಳಿ. ಕೆಳಗಿನ ಕಿಂಡಿ ನೆರಳಿರುವ ಕಡೆ, ಸಾಮಾನ್ಯವಾಗಿ ಉತ್ತರದ ಗೋಡೆಯಲ್ಲಿ ಬರಲಿ. ಪಕ್ಕದಲ್ಲಿ ಬೇವಿನ ಮರವಿದ್ದರೆ ಇನ್ನೂ ಒಳ್ಳೆಯದು. ಮಳೆನೀರು ನುಗ್ಗದಂತೆ ನೆಲದಿಂದ ಒಂದಡಿ ಮೇಲಿಡಿ. ಮೇಲಿನದು ಎದುರು ಗೋಡೆಯಲ್ಲಿ, ಪತ್ರಾಸಿಗೆ ಆದಷ್ಟು ಹತ್ತಿರ. ಬಿಸಿ ಗಾಳಿ ಹಗುರ, ತಾನಾಗಿ ಮೇಲೇರುತ್ತದೆ. ಅದು ಹೊರಬಿದ್ದಷ್ಟೂ ಕೆಳಗಿನಿಂದ ಹೊಸ ಗಾಳಿ ಬರುತ್ತದೆ. ಎರಡೂ ಒಂದೇ ಎತ್ತರದಲ್ಲಿದ್ದರೆ, ಎಲೆ ಅಲುಗದ ಮಧ್ಯಾಹ್ನ ಅವು ಇದ್ದೂ ಇಲ್ಲದಂತೆ.

10 ಅಡಿ ಅಗಲ, 12 ಅಡಿ ಉದ್ದದ ಶೆಡ್ಡಿಗೆ ಒಂದೂವರೆ ಅಡಿಗೆ ಒಂದಡಿಯ ಕಿಂಡಿ ಸಾಕು. ಮೇಲಿನದು ಚೂರು ದೊಡ್ಡದಿರಲಿ.

ಗೋಡೆ ಕಟ್ಟುತ್ತಿರುವಾಗಲೇ ಗೌಂಡಿಗೆ ಒಂದು ಮಾತು ಹೇಳಿಬಿಡಿ. ಪತ್ರಾಸಿನ ಅಲೆಗೂ ಗೋಡೆಗೂ ನಡುವೆ ಅರ್ಧಚಂದ್ರದ ಸಣ್ಣ ಸಂದುಗಳು ಉಳಿಯುತ್ತವೆ. ಕೆಲಸ ಅಚ್ಚುಕಟ್ಟಾಗಲಿ ಎಂದು ಅವನು ಅಲ್ಲಿ ಸಿಮೆಂಟ್ ಮೆತ್ತಿಬಿಡುತ್ತಾನೆ. ಖರ್ಚಿಲ್ಲದೆ ಸಿಕ್ಕ ಗಾಳಿದಾರಿ ಅದು, ಮುಚ್ಚಿಸಬೇಡಿ. ಒಳಗಿನಿಂದ ಜಾಲರಿ ಹೊಡೆಸಿದರೆ ಆಯಿತು.

ಜಾಲರಿಯ ಕಣ್ಣು 6 ಮಿಲಿಮೀಟರ್ ಮೀರಬಾರದು. ಅದಕ್ಕಿಂತ ದೊಡ್ಡದಾದರೆ ಇಲಿಮರಿ ತೂರುತ್ತದೆ. ಸೊಳ್ಳೆ ಪರದೆಯ ಜಾಲರಿ ಬೇಡ. ನಮ್ಮ ಕಡೆಯ ಧೂಳಿಗೆ ಅದು ಬೇಗ ಕಟ್ಟಿಕೊಳ್ಳುತ್ತದೆ. ಮೇಲಿನ ಕಿಂಡಿಗೆ ಹೊರಗಡೆ ಇಳಿಜಾರಾಗಿ ಒಂದು ತಗಡು ಹಾಕಿಸಿ. ಮುಂಗಾರಿನ ಇರಚಲು ಹೆಚ್ಚಾಗಿ ಪಡುವಣ, ತೆಂಕಣದಿಂದ ಬರುವುದು.

ಎಲ್ಲ ಆದಮೇಲೆ ಬಿಸಿಲು ಹೊತ್ತಿನಲ್ಲಿ ಬಾಗಿಲು ಹಾಕಿ, ಕೆಳಗಿನ ಕಿಂಡಿಯ ಹತ್ತಿರ ಒಂದು ಊದಿನಕಡ್ಡಿ ಹಿಡಿಯಿರಿ. ಹೊಗೆ ಒಳಕ್ಕೆ ಬಾಗಿದರೆ ಕೆಲಸ ಸರಿಯಾಗಿದೆ. ನೆಟ್ಟಗೆ ಮೇಲಕ್ಕೇ ಹೋದರೆ ಮೇಲಿನ ದಾರಿ ಸಾಲದು, ಅಥವಾ ಅದಕ್ಕೆ ಚೀಲ ಅಡ್ಡ ಇಟ್ಟಿದ್ದೀರಿ! ಶೆಡ್ಡಿನಲ್ಲಿ ಹತ್ತಿ, ಪೆಟ್ರೋಲ್ ಇದ್ದರೆ ಮಾತ್ರ ಕಡ್ಡಿ ಹಚ್ಚಬೇಡಿ, ತೆಳುವಾದ ನೂಲಿನ ಎಳೆ ತೂಗಿ ನೋಡಿ.

ಕಿಂಡಿ ಮುಚ್ಚುವುದನ್ನೂ ಕಲಿಯಬೇಕು. ಭತ್ತದ ಚೀಲ ಇಟ್ಟಿದ್ದರೆ ಮಳೆ ಹಿಡಿದ ದಿನ ಎರಡಕ್ಕೂ ಹಲಗೆ ಹಾಕಿ. ತೇವದ ಗಾಳಿ ಒಳಬಂದರೆ ಕಾಳು ಅದನ್ನು ಹೀರಿಕೊಳ್ಳುತ್ತದೆ. ಭತ್ತದ ತೇವಾಂಶ ಶೇ 14ರೊಳಗೆ ಇದ್ದರೇನೇ ಕ್ಷೇಮ. ಯೂರಿಯಾ ಚೀಲಕ್ಕೂ ಇದೇ ಮಾತು. ಬಿಸಿಲು ಬಿದ್ದಮೇಲೆ ತೆಗೆದರಾಯಿತು. ಚೀಲಗಳನ್ನು ನೆಲಕ್ಕೆ ಇಡದೆ ಹಲಗೆ ಮೇಲೆ, ಗೋಡೆಯಿಂದ ಒಂದಡಿ ಬಿಟ್ಟು ಜೋಡಿಸಿ.

ಇನ್ವರ್ಟರ್ ಬ್ಯಾಟರಿಯನ್ನು ಅಲ್ಲೇ ಚಾರ್ಜಿಗೆ ಇಡುವವರು ಮಾತ್ರ ಮೇಲಿನ ಕಿಂಡಿಯನ್ನು ಯಾವತ್ತೂ ಮುಚ್ಚಬಾರದು. ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುತ್ತದೆ, ಸೂರಿನಡಿ ಸೇರಿದರೆ ಒಂದು ಕಿಡಿ ಸಾಕು. ಭತ್ತವೂ ಬ್ಯಾಟರಿಯೂ ಒಂದೇ ಶೆಡ್ಡಿನಲ್ಲಿದ್ದರೆ, ಬ್ಯಾಟರಿಗೆ ಬೇರೆ ಜಾಗ ಹುಡುಕಿ.