ನನ್ನ ಸಂಬಳಕ್ಕೆ ನಾನೇ ಇಟ್ಟ ಡ್ಯೂ ಡೇಟ್

ಅಕೌಂಟ್ಸ್ ಕೆಲಸದಲ್ಲಿ ಎಲ್ಲದಕ್ಕೂ ಒಂದು ಕೊನೆ ದಿನ ಇರುತ್ತದೆ. 7ಕ್ಕೆ ಟಿಡಿಎಸ್ (ದುಡ್ಡು ಕೊಡುವಾಗಲೇ ಹಿಡಿದಿಟ್ಟ ಆದಾಯ ತೆರಿಗೆ) ಕಟ್ಟಬೇಕು. 11ಕ್ಕೆ ಮಾರಾಟದ ಜಿಎಸ್‌ಟಿ ರಿಟರ್ನ್, ಜಿಎಸ್‌ಟಿಆರ್-1. 15ಕ್ಕೆ ನೌಕರರ ಭವಿಷ್ಯ ನಿಧಿ ಪಿಎಫ್, ಆರೋಗ್ಯ ವಿಮೆ ಇಎಸ್‌ಐ. 20ಕ್ಕೆ ತೆರಿಗೆ ಕಟ್ಟುವ ರಿಟರ್ನ್, ಜಿಎಸ್‌ಟಿಆರ್-3ಬಿ. ಒಂದು ದಿನ ತಪ್ಪಿದರೂ ಬಡ್ಡಿ, ಲೇಟ್ ಫೀಸು. ನನ್ನ ಸಂಬಳ ಜಾಸ್ತಿ ಮಾಡುವುದಕ್ಕೆ ಮಾತ್ರ ಯಾವ ತಾರೀಖೂ ಇರಲಿಲ್ಲ. ಕೇಳಿದಾಗಲೆಲ್ಲ ಆಫೀಸಿನಲ್ಲಿ "ನೋಡೋಣಮ್ಮ" ಅನ್ನುತ್ತಿದ್ದರು.

ನಾನು ತಿಪಟೂರಿನಲ್ಲಿ ಬಿ.ಕಾಂ. ಮುಗಿಸಿ 2022ರ ಜುಲೈನಲ್ಲಿ ಪೀಣ್ಯದ ಒಂದು ಕಂಪನಿಗೆ ಸೇರಿದೆ. ಮಷಿನ್ ಬಿಡಿಭಾಗ ಮಾಡುವ ಕಂಪನಿ. ಜೂನಿಯರ್ ಅಕೌಂಟೆಂಟ್. ದಾಸರಹಳ್ಳಿಯಲ್ಲಿ ಪಿಜಿ. ಆಫರ್ ಲೆಟರ್‌ನಲ್ಲಿ ಸಿಟಿಸಿ (ನನ್ನ ಮೇಲೆ ಕಂಪನಿಗೆ ವರ್ಷಕ್ಕೆ ಆಗುವ ಒಟ್ಟು ಖರ್ಚು) 2 ಲಕ್ಷ 66 ಸಾವಿರ ಅಂತಿತ್ತು. ಹನ್ನೆರಡರಿಂದ ಭಾಗಿಸಿ, ತಿಂಗಳಿಗೆ 22 ಸಾವಿರ ಅಂತ ಅಪ್ಪನಿಗೆ ಹೇಳಿಬಿಟ್ಟೆ. ಮೊದಲ ತಿಂಗಳು ಬ್ಯಾಂಕಿಗೆ ಬಂದದ್ದು 17,217.

ಎಲ್ಲೋ ತಪ್ಪಾಗಿದೆ ಅಂದುಕೊಂಡೆ. ಎಚ್‌ಆರ್ ಹತ್ತಿರ ಹೋಗಲು ಮುಜುಗರ. ಆಫೀಸಿನಲ್ಲಿ ದಿನಾ ಕಂಪನಿಯ ಬ್ಯಾಂಕ್ ಪುಸ್ತಕಕ್ಕೆ ಬಿಆರ್‌ಎಸ್, ಅಂದರೆ ನಮ್ಮ ಲೆಕ್ಕಕ್ಕೂ ಬ್ಯಾಂಕಿನ ಲೆಕ್ಕಕ್ಕೂ ತಾಳೆ, ಮಾಡುತ್ತಿದ್ದೆ. ಅದನ್ನೇ ನನ್ನ ಸಂಬಳಕ್ಕೂ ಮಾಡಿದೆ. ಗ್ರಾಸ್ (ಕಡಿತಕ್ಕೆ ಮುಂಚಿನ ತಿಂಗಳ ಸಂಬಳ) 19,000, ಅದರಲ್ಲಿ ಬೇಸಿಕ್ 12,000. ಸಿಟಿಸಿಯೊಳಗೆ ಕಂಪನಿ ಕಟ್ಟುವ ಪಿಎಫ್ 1,440, ಇಎಸ್‌ಐ 618, ಗ್ರಾಚ್ಯುಟಿ (ಕೆಲಸ ಬಿಡುವಾಗ ಕೊಡುವ ಇಡುಗಂಟು) 577, ಬೋನಸ್ 583 ಎಲ್ಲ ಸೇರಿತ್ತು. ಇನ್ನು ನನ್ನ ಕೈಯಿಂದ ಹೋಗುವುದು: ಪಿಎಫ್ 1,440, ಇಎಸ್‌ಐ 143, ಪ್ರೊಫೆಷನಲ್ ಟ್ಯಾಕ್ಸ್ 200. ಪೈಸೆ ಪೈಸೆಗೆ ಟ್ಯಾಲಿ ಆಯಿತು. ತಪ್ಪು ಎಲ್ಲೂ ಇರಲಿಲ್ಲ. ಸಂಬಳವೇ ಅಷ್ಟು.

ಈ ಪಟ್ಟಿಯಲ್ಲಿ ನನಗೆ ಹೊಟ್ಟೆ ಉರಿಸಿದ್ದು ಗ್ರಾಚ್ಯುಟಿ. ಐದು ವರ್ಷ ಇದ್ದರೆ ತಾನೇ ಅದು ಸಿಗುವುದು? ಜೂನಿಯರ್ ಕೆಲಸದಲ್ಲಿ ಐದು ವರ್ಷ ಇರುವವರು ಎಷ್ಟು ಜನ? ಆದರೂ ಪ್ರತಿ ತಿಂಗಳು ನನ್ನ "ಪ್ಯಾಕೇಜ್" ಲೆಕ್ಕದಲ್ಲಿ 577 ಕೂತಿರುತ್ತದೆ. ಪಿಎಫ್ ಹಾಗಲ್ಲ. ಅದು ನನ್ನದೇ ದುಡ್ಡು, ಯುಎಎನ್ ಅನ್ನುವ ಪಿಎಫ್ ನಂಬರ್ ಜೊತೆ ಮುಂದಿನ ಕೆಲಸಕ್ಕೂ ಬರುತ್ತದೆ. ಇಎಸ್‌ಐಯನ್ನೂ ಹಗುರ ಮಾಡಬಾರದು. ಟೈಫಾಯ್ಡ್ ಆದಾಗ ಡಿಸ್ಪೆನ್ಸರಿಯಲ್ಲಿ ಒಂದು ರೂಪಾಯಿ ಖರ್ಚಿಲ್ಲದೆ ಔಷಧಿ ಸಿಕ್ಕಿತ್ತು.

ಏಳೆಂಟು ತಿಂಗಳಾಗುವಷ್ಟರಲ್ಲಿ ಬಿಟ್ಟುಬಿಡಬೇಕು ಅಂತ ತಲೆಗೆ ಬಂತು. 2023ರ ಫೆಬ್ರವರಿಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಡೆಯಿಂದ ಒಂದು ಆಫರ್ ಬಂತು. ಸಿಟಿಸಿ 3 ಲಕ್ಷ. ರೂಮ್‌ಮೇಟ್‌ಗಳು ಅವತ್ತೇ ಪಾರ್ಟಿ ಕೇಳಿದರು. ನಾನು ಮತ್ತೆ ಎಕ್ಸೆಲ್ ತೆರೆದೆ. 3 ಲಕ್ಷದಲ್ಲಿ 30 ಸಾವಿರ ವೇರಿಯಬಲ್, ಅಂದರೆ ವರ್ಷದ ಕೊನೆಗೆ ಕೊಟ್ಟರೆ ಕೊಟ್ಟರು. ಕಂಪನಿ ಪಾಲಿನ ಪಿಎಫ್, ಇಎಸ್‌ಐ, ಗ್ರಾಚ್ಯುಟಿ ಕಳೆದು, ನನ್ನ ಪಾಲಿನದೂ ಕಳೆದರೆ ಕೈಗೆ ಬರುವುದು 17,909. ಈಗಿನದಕ್ಕಿಂತ 692 ರೂಪಾಯಿ ಜಾಸ್ತಿ. ಆ ಕಡೆ ಪಿಜಿ ಬಾಡಿಗೆಯೇ ಇನ್ನೂ ಸಾವಿರ ಮೇಲೆ.

ಇಂಟರ್‌ವ್ಯೂನಲ್ಲಿ ನಾನು ಒಂದೇ ಪ್ರಶ್ನೆ ಕೇಳಿದ್ದೆ. "ಮೊದಲ ಮೂರು ತಿಂಗಳು ನಾನು ಏನು ಮಾಡ್ತೀನಿ ಸರ್?" ಅವರು ಪಾಪ ನಿಜ ಹೇಳಿದರು. ಒಬ್ಬ ಕ್ಲೈಂಟ್‌ನ ಬಿಲ್ ಎಂಟ್ರಿ. ಆಮೇಲೆ? ಅದೇ. ಆಫರ್ ಬಿಟ್ಟೆ. ಬಿಟ್ಟ ಮೇಲೆ ಎರಡು ವಾರ ಸರಿಯಾಗಿ ನಿದ್ದೆ ಬರಲಿಲ್ಲ ಅನ್ನುವುದನ್ನೂ ಹೇಳಬೇಕು. ಲೆಕ್ಕ ಸರಿಯಿದ್ದರೂ ಮನಸ್ಸು ಒಪ್ಪಬೇಕಲ್ಲ.

ಅಷ್ಟಕ್ಕೂ ಪೀಣ್ಯದಲ್ಲಿ ನನ್ನನ್ನು ಹಿಡಿದಿಟ್ಟದ್ದು ಏನು? ಒಂದು ಅದೃಷ್ಟದ ವಿಷಯ ಇದೆ. 2022ರ ಅಕ್ಟೋಬರ್ 1ರಿಂದ 10 ಕೋಟಿಗಿಂತ ಜಾಸ್ತಿ ವಹಿವಾಟಿನವರಿಗೆಲ್ಲ ಇ-ಇನ್‌ವಾಯ್ಸ್, ಅಂದರೆ ಬಿಲ್ಲನ್ನು ಸರ್ಕಾರದ ಪೋರ್ಟಲ್‌ನಲ್ಲಿ ದಾಖಲಿಸುವುದು, ಕಡ್ಡಾಯವಾಯಿತು. ನಮ್ಮ ಕಂಪನಿಯೂ ಅದರೊಳಗೆ ಬಂತು. ನಮ್ಮ ಸೀನಿಯರ್ ಸರ್‌ಗೆ ಇಪ್ಪತ್ತು ವರ್ಷದ ಅನುಭವ, ಆದರೆ ಹೊಸ ಪೋರ್ಟಲ್ ಅಂದರೆ ಅವರಿಗೆ ಆಗುತ್ತಿರಲಿಲ್ಲ. "ನೀನೇ ನೋಡಮ್ಮ" ಅಂತ ನನ್ನ ಕಡೆ ತಳ್ಳಿದರು. ಮೊದಲ ವಾರ ಪರದಾಟ. ಗ್ರಾಹಕರ ಪಿನ್‌ಕೋಡ್ ಒಂದು ಅಂಕಿ ತಪ್ಪಿದ್ದರೂ ಎಷ್ಟೋ ಸಲ ಐಆರ್‌ಎನ್, ಅಂದರೆ ಬಿಲ್ಲಿಗೆ ಪೋರ್ಟಲ್ ಕೊಡುವ ನಂಬರ್, ಬರುವುದಿಲ್ಲ. ಐಆರ್‌ಎನ್ ಇಲ್ಲದೆ ಬಿಲ್ ಇಲ್ಲ, ಬಿಲ್ ಇಲ್ಲದೆ ಗೇಟಿನಿಂದ ಲಾರಿ ಹೊರಡುವುದಿಲ್ಲ. ಡ್ರೈವರಣ್ಣ ಬಂದು ನನ್ನ ಟೇಬಲ್ ಪಕ್ಕ ನಿಂತುಬಿಡುತ್ತಿದ್ದ. ತಪ್ಪು ಬಿಲ್ಲನ್ನು 24 ಗಂಟೆಯೊಳಗೆ ರದ್ದು ಮಾಡಬೇಕು, ಇಲ್ಲದಿದ್ದರೆ ಆ ಮೊತ್ತವನ್ನು ವಜಾ ಮಾಡುವ ಕ್ರೆಡಿಟ್ ನೋಟ್ ಹಾಕಬೇಕು ಅನ್ನುವುದನ್ನು ನಾನು ಓದಿ ತಿಳಿದದ್ದಲ್ಲ. 25ನೇ ಗಂಟೆಯಲ್ಲಿ ಬೈಸಿಕೊಂಡು ತಿಳಿದದ್ದು.

ಜೊತೆಗೆ ಜಿಎಸ್‌ಟಿಆರ್-2ಬಿ (ನಮಗೆ ಬಿಲ್ ಹಾಕಿದವರು ರಿಟರ್ನ್‌ನಲ್ಲಿ ತೋರಿಸಿದ ಬಿಲ್‌ಗಳ ಪಟ್ಟಿ) ತಾಳೆ ನೋಡುವ ಕೆಲಸ. ಪೀಣ್ಯದಲ್ಲಿ ನಮಗೆ ಲೇತ್ ಕೆಲಸ, ಪ್ಲೇಟಿಂಗ್ ಮಾಡಿಕೊಡುವ ಸಣ್ಣ ಸಣ್ಣ ಶೆಡ್‌ಗಳಿವೆ. ಅವರು ರಿಟರ್ನ್ ಹಾಕದಿದ್ದರೆ ನಮಗೆ ಟ್ಯಾಕ್ಸ್ ಕ್ರೆಡಿಟ್ ಸಿಗುವುದಿಲ್ಲ, ಅಂದರೆ ಅವರಿಗೆ ಕೊಟ್ಟ ಜಿಎಸ್‌ಟಿಯನ್ನು ನಾವು ಕಟ್ಟುವ ತೆರಿಗೆಯಲ್ಲಿ ಕಳೆಯಲು ಆಗುವುದಿಲ್ಲ. ಹಾಗಾಗಿ ಪ್ರತಿ ತಿಂಗಳು ಫೋನ್. "ಅಣ್ಣಾ, ನಿಮ್ಮ ಆಗಸ್ಟ್ ಬಿಲ್ ಕಾಣಿಸ್ತಿಲ್ಲ." ಒಂದು ವರ್ಷದಲ್ಲಿ ಹೀಗೆ ಬೆನ್ನು ಹತ್ತಿ ತರಿಸಿದ ಕ್ರೆಡಿಟ್ 3 ಲಕ್ಷ 84 ಸಾವಿರ. ಇದನ್ನು ಬರೆದಿಟ್ಟುಕೊಂಡಿದ್ದೆ.

2023ರ ಏಪ್ರಿಲ್‌ನಲ್ಲಿ ಒಂದು ತಮಾಷೆ ಆಯಿತು. ಕರ್ನಾಟಕದಲ್ಲಿ ಪ್ರೊಫೆಷನಲ್ ಟ್ಯಾಕ್ಸ್ ಕಟ್ಟಬೇಕಾದ ಸಂಬಳದ ಮಿತಿಯನ್ನು 15 ಸಾವಿರದಿಂದ 25 ಸಾವಿರಕ್ಕೆ ಏರಿಸಿದರು. ನನ್ನ 200 ರೂಪಾಯಿ ಉಳಿಯಿತು. ಕಂಪನಿಗಿಂತ ಮೊದಲು ಸರ್ಕಾರ ನನಗೆ ಹೈಕ್ ಕೊಟ್ಟಿತು ಅಂತ ಆಫೀಸಿನಲ್ಲಿ ನಕ್ಕಿದ್ದೇ ನಕ್ಕಿದ್ದು.

ಮೇ ಕೊನೆಗೆ ಧೈರ್ಯ ಮಾಡಿ ಎಂಡಿ ಸರ್ ರೂಮಿಗೆ ಹೋದೆ. 3 ಲಕ್ಷ 84 ಸಾವಿರದ ಹಾಳೆ ಮುಂದಿಟ್ಟೆ. ಅವರು ಪೂರ್ತಿ ನೋಡಿದರು. "ಚೆನ್ನಾಗಿ ಮಾಡಿದ್ದೀಯ. ಆದ್ರೆ ಇದು ನಿನ್ನ ಕೆಲಸಾನೇ ಅಲ್ವೇನಮ್ಮ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಯೋಚಿಸಿದರೆ ತಪ್ಪು ಗೊತ್ತಾಗುತ್ತದೆ. ನಾನು ಮಾಡಿದ ಕೆಲಸದ ಲೆಕ್ಕ ಒಯ್ದಿದ್ದೆ. ಆ ಕೆಲಸಕ್ಕೆ ಹೊರಗೆ ಎಷ್ಟು ಕೊಡುತ್ತಾರೆ ಅನ್ನುವ ಲೆಕ್ಕ ಒಯ್ದಿರಲಿಲ್ಲ. ಎದ್ದು ಬರುವಾಗ ಇನ್ನೊಂದು ಮಾತು ಹೇಳಿದರು. "ಇಲ್ಲಿ ಎಷ್ಟು ಕಲೀತಿದ್ದೀಯ ನೋಡು." ಜೂನ್‌ನಲ್ಲಿ 1,500 ಏರಿಸಿದರು. ಕೈಗೆ 18,906 ಆಯಿತು.

ಆ ವರ್ಷ ಮನೆಯಲ್ಲೂ ಕಷ್ಟ. ನಮ್ಮದು ತೆಂಗಿನ ತೋಟ. ಉಂಡೆ ಕೊಬ್ಬರಿಗೆ 2023ರ ಬೆಂಬಲ ಬೆಲೆ ಕ್ವಿಂಟಲಿಗೆ 11,750 ಅಂತಿತ್ತು, ಆದರೆ ತಿಪಟೂರು ಮಾರುಕಟ್ಟೆಯಲ್ಲಿ ದರ ಅದಕ್ಕಿಂತ ತುಂಬಾ ಕೆಳಗೆ ಬಿದ್ದಿತ್ತು. ತಮ್ಮನ ಕಾಲೇಜು ಫೀಸಿಗೆ ನಾನೂ ಸೇರಿಸಬೇಕಾಗಿತ್ತು. ಅಪ್ಪನಿಗೆ ಫೋನ್‌ನಲ್ಲಿ ಎಲ್ಲ ಹೇಳಿದೆ. ಇರಲೋ ಬಿಡಲೋ ಅಂತ ಕೇಳಿದೆ. ಅಪ್ಪ ಬುದ್ಧಿ ಹೇಳುವ ಮನುಷ್ಯ ಅಲ್ಲ. "ಅಟ್ಟದ ಮೇಲಿನ ಕಾಯಿ ಅಲ್ಲಾಡ್ಸಿ ನೋಡ್ತೀವಿ ಮಗಾ, ಒಳಗೆ ಗಿಟುಕು ಆಡ್ತಾ ಇದ್ರೆ ಇಳಿಸ್ತೀವಿ. ನಿನ್ನ ಕೆಲಸದಾಗೆ ಅದು ಹೆಂಗೆ ಗೊತ್ತಾಗುತ್ತೋ ನನಗೆ ತಿಳೀದು" ಅಂದರು.

ಅವತ್ತು ರಾತ್ರಿ ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆದೆ. ಯಾರನ್ನೂ ಕೇಳದೆ ಒಬ್ಬಳೇ ಮಾಡಬಲ್ಲ ಕೆಲಸ. ಪಕ್ಕದಲ್ಲಿ ಯಾರಾದರೂ ಇದ್ದರೆ ಮಾಡಬಲ್ಲ ಕೆಲಸ. ಇನ್ನೂ ಮುಟ್ಟಿಯೇ ಇಲ್ಲದ ಕೆಲಸ. ಮೊದಲ ಕಾಲಂ ತುಂಬಿತ್ತು: ಜಿಎಸ್‌ಟಿ, ಟಿಡಿಎಸ್, ಇ-ಇನ್‌ವಾಯ್ಸ್, ಬಿಆರ್‌ಎಸ್. ಅವನ್ನೆಲ್ಲ ಆರು ತಿಂಗಳಿಂದ ಮತ್ತೆ ಮತ್ತೆ ಮಾಡುತ್ತಿದ್ದೆ. ಮೂರನೇ ಕಾಲಂನಲ್ಲಿ ದೊಡ್ಡದಾಗಿ ಉಳಿದದ್ದು ಫೈನಲೈಸೇಷನ್ (ವರ್ಷದ ಲೆಕ್ಕ ಮುಗಿಸುವುದು) ಮತ್ತು ಟ್ಯಾಕ್ಸ್ ಆಡಿಟ್ (ಆದಾಯ ತೆರಿಗೆಗಾಗಿ ಲೆಕ್ಕ ತಪಾಸಣೆ). ಎಂಡಿ ಸರ್ ಹೇಳಿದ "ಕಲೀತಿದ್ದೀಯ" ಅನ್ನುವ ಮಾತು ಈ ಹಾಳೆಯ ಮುಂದೆ ಅರ್ಧ ನಿಜ, ಅರ್ಧ ಸುಳ್ಳು. ಮೊದಲ ಸಲ ಮಾಡಿದಾಗ ಅದು ಕಲಿಕೆ. ಹತ್ತನೇ ಸಲವೂ ಅದೇ ಹಳೇ ಸಂಬಳಕ್ಕೆ ಮಾಡಿಸಿದರೆ ಅದು ಕಡಿಮೆ ಕೂಲಿ ಅಷ್ಟೇ.

ಟ್ಯಾಕ್ಸ್ ಆಡಿಟ್ ರಿಪೋರ್ಟಿಗೆ ಕೊನೆ ದಿನ ಸೆಪ್ಟೆಂಬರ್ 30. ಅದನ್ನೇ ನನ್ನ ಡ್ಯೂ ಡೇಟ್ ಮಾಡಿಕೊಂಡೆ. ಡೈರಿಯಲ್ಲಿ ಬರೆದೆ. ಅಲ್ಲಿವರೆಗೆ ಸಂಬಳದ ಬಗ್ಗೆ ಯಾರ ಹತ್ತಿರವೂ ಗೊಣಗುವುದಿಲ್ಲ. ಆಮೇಲೆ ಒಂದು ದಿನವೂ "ನೋಡೋಣ" ಕೇಳುವುದಿಲ್ಲ. ಆದರೆ ಒಂದು ಷರತ್ತು ಇತ್ತು: ಆಡಿಟ್ ಫೈಲ್ ನನ್ನ ಕೈಗೆ ಬರಬೇಕು. ಮರುದಿನ ಸೀನಿಯರ್ ಸರ್‌ಗೆ ನೇರವಾಗಿ ಕೇಳಿದೆ. "ಸರ್, ಈ ಸಲದ ಆಡಿಟ್ ವರ್ಕಿಂಗ್ ನಾನು ಮಾಡ್ಲಾ? ನೀವು ತಿದ್ದಿ." ಇಲ್ಲ ಅಂದಿದ್ದರೆ ಜೂನ್‌ನಲ್ಲೇ ರಾಜೀನಾಮೆ ಕೊಡುತ್ತಿದ್ದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿ, "ರಾತ್ರಿ ಎಂಟಾಗುತ್ತೆ, ಪರವಾಗಿಲ್ವಾ?" ಅಂದರು.

ಎಂಟಲ್ಲ, ಒಂಬತ್ತೂ ಆಯಿತು. ಸವಕಳಿ ಲೆಕ್ಕ ಎರಡು ಥರ, ಕಂಪನಿ ಕಾಯ್ದೆಗೆ ಒಂದು, ಆದಾಯ ತೆರಿಗೆಗೆ ಇನ್ನೊಂದು. ಅದು ಯಾಕೆ ಅಂತ ಕಾಲೇಜಿನಲ್ಲಿ ಉರು ಹೊಡೆದಿದ್ದೆ, ಇಲ್ಲಿ ಅರ್ಥವಾಯಿತು. ಟ್ಯಾಕ್ಸ್ ಆಡಿಟ್‌ನ 3ಸಿಡಿ ಫಾರ್ಮಿನ 44ನೇ ಅಂಶದಲ್ಲಿ ವರ್ಷದ ಖರ್ಚನ್ನೆಲ್ಲ ಜಿಎಸ್‌ಟಿ ನೋಂದಣಿ ಇದ್ದವರದ್ದು, ಇಲ್ಲದವರದ್ದು ಅಂತ ಬಿಡಿಸಿ ಕೊಡಬೇಕಿತ್ತು. ಅದು ಪೂರ್ತಿ ನಾನೇ ಮಾಡಿದ್ದು. ಆಡಿಟರ್ ಆಫೀಸಿನವರು ಅದರಲ್ಲಿ ಎರಡೇ ಪ್ರಶ್ನೆ ಕೇಳಿದರು. ಹಾಳೆಯ ಮೂರನೇ ಕಾಲಂನಿಂದ ಎರಡು ಸಾಲು ಮೊದಲನೆಯದಕ್ಕೆ ಬಂದವು.

ಈ ನಡುವೆ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಮಿತಿ 5 ಕೋಟಿಗೆ ಇಳಿಯಿತು. ನಾನು ಬೆನ್ನು ಹತ್ತುತ್ತಿದ್ದ ಶೆಡ್‌ಗಳಲ್ಲಿ ಸ್ವಲ್ಪ ದೊಡ್ಡವರೂ ಅದರೊಳಗೆ ಬಂದರು. ಈಗ ಅವರೇ ಫೋನ್ ಮಾಡಿದರು. "ಮೇಡಂ, ಆ ಪಿನ್‌ಕೋಡ್ ಕಥೆ ಸ್ವಲ್ಪ ಹೇಳ್ಕೊಡಿ." ಊಟದ ಹೊತ್ತಿನಲ್ಲಿ ಸುಮ್ನೆ ಹೇಳಿಕೊಟ್ಟೆ. ಅವರಲ್ಲೊಬ್ಬರ ಆಡಿಟರ್, ಇಷ್ಟು ಗೊತ್ತಿರುವ ಹುಡುಗಿಗೆ ಎಷ್ಟು ಕೊಡುತ್ತಾರೆ ಅಂತ ಅವರ ಹತ್ತಿರ ವಿಚಾರಿಸಿದರಂತೆ. ನನ್ನ ಸಂಬಳ ಕೇಳಿ ಆ ಆಡಿಟರ್‌ಗೇ ನಗು ಬಂತಂತೆ, ಹೊರಗೆ ಇದಕ್ಕಿಂತ ಎಷ್ಟು ಜಾಸ್ತಿ ಕೊಡುತ್ತಾರೆ ಅಂತ ಹೇಳಿದರಂತೆ. ಹೊರಗಿನ ದರ ನನಗೆ ಗೊತ್ತಾಗಿದ್ದು ಹೀಗೆ, ಮೇ ತಿಂಗಳಲ್ಲಿ ಬೇಕಿದ್ದ ಲೆಕ್ಕ ಆಗಸ್ಟ್‌ನಲ್ಲಿ.

ಸೆಪ್ಟೆಂಬರ್ 27ಕ್ಕೆ ಆಡಿಟ್ ಮುಗಿಯಿತು. ಅಕ್ಟೋಬರ್ ಮೊದಲ ವಾರ ಎಂಡಿ ಸರ್‌ಗೆ ಕೊನೆಯ ಸಲ ಕೇಳಿದೆ. ಈ ಸಲ ಹೊರಗಿನ ದರ ಹೇಳಿದೆ. "ದೀಪಾವಳಿ ಕಳೀಲಿ, ನೋಡೋಣ" ಅಂದರು. ಅದೇ ಆಡಿಟರ್ ಮೂಲಕ ರಾಜಾಜಿನಗರದ ಒಂದು ಕಂಪನಿಯಲ್ಲಿ ಇಂಟರ್‌ವ್ಯೂ ಆಯಿತು. ನವೆಂಬರ್ ಕೊನೆಗೆ ಪೀಣ್ಯ ಬಿಟ್ಟೆ. ರಾಜೀನಾಮೆ ಕೊಟ್ಟ ದಿನ ಎಂಡಿ ಸರ್ 4 ಸಾವಿರ ಏರಿಸುತ್ತೇನೆ ಅಂದರು. ಆ ದುಡ್ಡು ಅಷ್ಟು ದಿನ ಎಲ್ಲಿತ್ತು ಅಂತ ಕೇಳಬೇಕು ಅನ್ನಿಸಿತು. ಕೇಳಲಿಲ್ಲ. ಸೀನಿಯರ್ ಸರ್ ಮಾತ್ರ ಗೇಟಿನ ತನಕ ಬಂದರು.

ಕಳೆದುಕೊಂಡದ್ದೂ ಇದೆ. 17 ತಿಂಗಳ ಗ್ರಾಚ್ಯುಟಿ, ತಿಂಗಳಿಗೆ 577ರಂತೆ ಹಿಡಿದರೂ 9,809 ರೂಪಾಯಿ, ಕಾಗದದ ಮೇಲೆ ಬಂದು ಕಾಗದದ ಮೇಲೇ ಹೋಯಿತು. ಫೈನಲ್ ಸೆಟಲ್‌ಮೆಂಟ್ ಎರಡೂವರೆ ತಿಂಗಳು ಎಳೆಯಿತು. ಜೂನ್‌ನಿಂದ ಸೆಪ್ಟೆಂಬರ್ ತನಕ ಕಾಯಲು ನನಗೆ ಆಗಿದ್ದು, ಗೆಳತಿಯೊಬ್ಬಳು ತಮ್ಮನ ಫೀಸಿಗೆ 10 ಸಾವಿರ ಕೈಸಾಲ ಕೊಟ್ಟಿದ್ದರಿಂದ. ಎಜುಕೇಷನ್ ಲೋನ್ ಕಂತು ಇದ್ದವರಿಗೆ ನನ್ನ ಈ ಲೆಕ್ಕ ಹೇಳಲು ನನಗೆ ಬಾಯಿ ಬರುವುದಿಲ್ಲ. ಅವರು ಫೆಬ್ರವರಿಯಲ್ಲೇ ಹೋಗಿದ್ದರೂ ತಪ್ಪಲ್ಲ.

ಹೊಸ ಕಡೆ ಗ್ರಾಸ್ 27,000. ಇಎಸ್‌ಐ ಇಲ್ಲ, ಅದರ 21 ಸಾವಿರದ ಮಿತಿ ದಾಟಿತಲ್ಲ. ಪಿಎಫ್ 1,800 ಹೋಗಿ 25,200 ಬರುತ್ತದೆ ಅಂತ ಅಪ್ಪನಿಗೆ ಹೇಳಿದ್ದೆ. ಈ ಸಲ ಲೆಕ್ಕ ತಪ್ಪುವುದಿಲ್ಲ ಅಂತ ಜಂಬ ಬೇರೆ. ಬಂದದ್ದು 25,000. ಸ್ಲಿಪ್ ತೆರೆದು ನೋಡಿದರೆ, ಗ್ರಾಸ್ 25 ಸಾವಿರ ದಾಟಿದ್ದಕ್ಕೆ ಸರ್ಕಾರ ತನ್ನ 200 ರೂಪಾಯಿ ವಾಪಸ್ ತಗೊಂಡಿತ್ತು.