ಅನುದಾನ ತಡವಾದಾಗ ನಾವು ಕೇಂದ್ರ ನಡೆಸಿದ್ದು ಹೀಗೆ

ವಿಕಲಚೇತನ ಮಕ್ಕಳ ಹಗಲು ಕೇಂದ್ರವೊಂದರ ಹಣಕಾಸು ನೋಡಿಕೊಳ್ಳುವುದು ನನ್ನ ಕೆಲಸ. ಸರ್ಕಾರದ ಅನುದಾನ ನಂಬಿದ ಕೇಂದ್ರಗಳಿಗೆ ಮಂಜೂರಾದ ಹಣವೂ ತಡವಾಗಿ ಬರುತ್ತದೆ, ಮಂಜೂರಾಗುವ ಮೊತ್ತವೂ ಖರ್ಚಿಗೆ ಸಾಲುವುದಿಲ್ಲ. ಇವೆರಡೂ ಬೇರೆ ಬೇರೆ ತೊಂದರೆಗಳು, ಮದ್ದೂ ಬೇರೆ.

ತಡವಾಗುವುದಕ್ಕೆ ಮುಖ್ಯ ಕಾರಣ ಬಳಕೆ ಪ್ರಮಾಣಪತ್ರ, ಅಂದರೆ ಕೊಟ್ಟ ಹಣವನ್ನು ಯಾವುದಕ್ಕೆ ಖರ್ಚು ಮಾಡಿದೆವು ಅಂತ ತೋರಿಸುವ ಪತ್ರ. ಕಚೇರಿಗಳಲ್ಲಿ ಎಲ್ಲರೂ ಯುಸಿ ಅಂತಲೇ ಕರೆಯುತ್ತಾರೆ. ಹಿಂದಿನ ಹಣದ ಯುಸಿ ಕೊಡದೆ ಮುಂದಿನ ಕಂತು ಬರುವುದಿಲ್ಲ. ಕೇಂದ್ರ ಸರ್ಕಾರದ ಅನುದಾನವಾದರೆ 2017ರ ಸಾಮಾನ್ಯ ಹಣಕಾಸು ನಿಯಮಗಳ 12-ಎ ನಮೂನೆಯಲ್ಲಿ, ಆರ್ಥಿಕ ವರ್ಷ ಮುಗಿದ 12 ತಿಂಗಳೊಳಗೆ ಕೊಡಬೇಕು. ಅಷ್ಟು ದಿನ ಇದೆಯಲ್ಲ ಅಂತ ಕೂತರೆ ನಮ್ಮ ಕಂತೂ ಅಲ್ಲೇ ಕೂರುತ್ತದೆ. ನಾವು ಪ್ರತಿ ತಿಂಗಳೂ ಲೆಕ್ಕ ಮುಗಿಸಿ, ಏಪ್ರಿಲ್‌ನಲ್ಲೇ ಆಡಿಟರ್ ಕೈಗೆ ಕಡತ ಕೊಡುತ್ತೇವೆ. ವೋಚರ್, ಹಾಜರಿ ಪುಸ್ತಕ, ಬ್ಯಾಂಕ್ ಪಾಸ್‌ಬುಕ್ ಮೂರೂ ತಾಳೆಯಾಗಬೇಕು.

ಕೊಟ್ಟ ಪ್ರತಿ ಕಾಗದಕ್ಕೂ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಒಂದು ಸಲ ನಮ್ಮ ಕಡತ ಎಲ್ಲಿದೆ ಅಂತ ಯಾರೂ ಹೇಳಲಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿದೆವು. 30 ದಿನದೊಳಗೆ ಉತ್ತರ ಕೊಡಲೇಬೇಕು. ಆಕ್ಷೇಪ ಏನಿತ್ತು ಅನ್ನುವುದು ಬರಹದಲ್ಲಿ ಸಿಕ್ಕಿತು, ಸರಿಪಡಿಸಿ ಕೊಟ್ಟೆವು. ಅರ್ಜಿಯಲ್ಲಿ ದೂರಿನ ಧಾಟಿ ಬೇಡ. ಕಡತದ ಸಂಖ್ಯೆ, ಈಗಿನ ಸ್ಥಿತಿ ಕೇಳಿದರೆ ಸಾಕು.

ಮೊತ್ತ ಸಾಲದಿದ್ದಾಗ ಒಂದು ಮಗುವಿಗೆ ತಿಂಗಳಿಗೆ ನಿಜವಾಗಿ ಎಷ್ಟು ಬೇಕು ಅಂತ ಲೆಕ್ಕ ಹಾಕಿದೆವು. ವಾಹನ, ಬಾಡಿಗೆ, ಫಿಸಿಯೋಥೆರಪಿ, ಮಕ್ಕಳನ್ನು ನೋಡಿಕೊಳ್ಳುವ ಆಯಾಗಳ ಸಂಬಳ ಎಲ್ಲ ಸೇರಿಸಿ. ಆ ಹಾಳೆ ಹಿಡಿದು ಗ್ರಾಮ ಪಂಚಾಯಿತಿಗಳಿಗೆ ಹೋದೆವು. ಕರ್ನಾಟಕದಲ್ಲಿ ಸ್ಥಳೀಯ ಸಂಸ್ಥೆಗಳು ಶೇ 5ರಷ್ಟು ಅನುದಾನವನ್ನು ವಿಕಲಚೇತನರಿಗೆ ಮೀಸಲಿಡಬೇಕು. ಹಣ ಯಾವುದಕ್ಕೆ ಅಂತ ಪಂಚಾಯಿತಿ ಬರೆದಿಡುವ ಕ್ರಿಯಾ ಯೋಜನೆ ತಯಾರಾಗುವ ಮುಂಚೆಯೇ ಹೋಗಬೇಕು, ಆಮೇಲೆ ಹೋದರೆ ಸುಮ್ನೆ ಓಡಾಟ. ಪಂಚಾಯಿತಿಯಲ್ಲಿ ವಿಕಲಚೇತನರ ಕೆಲಸ ನೋಡುವ ಪುನರ್ವಸತಿ ಕಾರ್ಯಕರ್ತರನ್ನು ಜೊತೆಗೆ ಕರೆದುಕೊಂಡು ಹೋಗಿ. ಯಾವ ಮನೆಯಲ್ಲಿ ಯಾವ ಮಗುವಿದೆ ಅನ್ನುವುದು ಅವರಿಗೆ ಗೊತ್ತು. ನಾವು ನಗದು ಕೇಳಲಿಲ್ಲ. ಆಯಾ ಊರಿನ ಮಕ್ಕಳಿಗೆ ಗಾಲಿಕುರ್ಚಿ, ಶ್ರವಣಸಾಧನ ಕೇಳಿದೆವು.

ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಸಿಎಸ್‌ಆರ್ ಹಣಕ್ಕೂ ಅರ್ಜಿ ಹಾಕಿದೆವು. ಅದಕ್ಕೆ ಸಂಸ್ಥೆ ಸಿಎಸ್‌ಆರ್-1 ನಮೂನೆಯಲ್ಲಿ ನೋಂದಾಯಿಸಿರಬೇಕು. ಉಪಕರಣಕ್ಕೆ ಹಣ ಸುಲಭವಾಗಿ ಸಿಕ್ಕಿತು, ಸಂಬಳಕ್ಕೆ ಸಿಗಲಿಲ್ಲ.

ಆದರೆ ಕೇಂದ್ರ ಉಳಿಯುವುದು ಸಂಬಳದಿಂದಲೇ ಅಲ್ವಾ? ಚಮಚ ಹಿಡಿಯಲು ತಿಂಗಳುಗಟ್ಟಲೆ ಕಲಿತ ಮಗು, ಕಲಿಸಿದವರು ಬಿಟ್ಟು ಹೋದರೆ ಹೊಸಬರ ಕೈಗೆ ಬೇಗ ಒಗ್ಗುವುದಿಲ್ಲ. ಕಲಿತದ್ದೂ ಎಷ್ಟೋ ಸಲ ಮರೆತುಹೋಗುತ್ತದೆ. ಅದಕ್ಕೇ ದಾನಿಗಳ ಹಣವನ್ನು ಸಂಬಳದ ಮೀಸಲು ಅಂತ ಬೇರೆ ಖಾತೆಯಲ್ಲಿ ಇಟ್ಟೆವು. ಕಂತು ಬರುವವರೆಗೆ ಅದರಿಂದ ಸಂಬಳ ಕೊಡುತ್ತೇವೆ. ಮುದ್ರಣ, ಸಮಾರಂಭದ ಖರ್ಚು ಕಡಿತ ಮಾಡುತ್ತೇವೆ, ಆಯಾಗಳ ಸಂಬಳ ಮುಟ್ಟುವುದಿಲ್ಲ.

ದಾನಿಗಳಿದ್ದಾರೆ ಅಂತ ಸರ್ಕಾರವನ್ನು ಕೇಳುವುದು ಬಿಡಬಾರದು. ಈ ಮಕ್ಕಳ ಹೊಣೆ ಮೊದಲು ಸರ್ಕಾರದ್ದು. ಪ್ರತಿ ವರ್ಷ ಬಜೆಟ್ ತಯಾರಿಗೆ ಮುಂಚೆ ನಾವು ಇಲಾಖೆಗೆ ಪತ್ರ ಬರೆಯುತ್ತೇವೆ. ಒಂದು ಮಗುವಿನ ನಿಜವಾದ ಖರ್ಚು, ಸಿಕ್ಕ ಅನುದಾನ, ಉಳಿದ ಕೊರತೆ, ಮೂರನ್ನೂ ಅದರಲ್ಲಿ ಬರೆದಿರುತ್ತೇವೆ. ಈಗ ಪೋಷಕರೂ ಅದಕ್ಕೆ ಸಹಿ ಹಾಕುತ್ತಾರೆ.